ಎದೆಯೆತ್ತರದ ಲೆಕ್ಕ

ಕಾಡಿನ ಸಂಶೋಧನೆಗೆ ಸ್ವಯಂಸೇವಕರಾಗಿ ಹೊರಡುವವರ ಕಣ್ತುಂಬ ಇರುವುದು ಹುಲಿ, ಜಾಗ್ವಾರ್, ಒರಾಂಗುಟಾನ್. ಅಲ್ಲಿ ಕೈಗೆ ಬರುವುದು ಟೇಪು ಮತ್ತು ಪೆನ್ಸಿಲ್. ದಿನವಿಡೀ ಮರ ಅಳೆಯಬೇಕು. ಎರಡನೇ ದಿನಕ್ಕೇ ಬೇಸರ ಹತ್ತಬಹುದು. ಆದರೆ ಉಷ್ಣವಲಯದ ಕಾಡು ಹೇಗೆ ಬೆಳೆಯುತ್ತದೆ, ಹೇಗೆ ಸಾಯುತ್ತದೆ ಎಂಬುದು ತಿಳಿದದ್ದೇ ಈ ಬೇಸರದ ಕೆಲಸದಿಂದ.

ಪನಾಮಾದ ಬಾರೊ ಕೊಲೊರಾಡೊ ದ್ವೀಪದಲ್ಲಿ ಪರಿಸರ ವಿಜ್ಞಾನಿಗಳಾದ ಸ್ಟೀಫನ್ ಹಬೆಲ್ ಮತ್ತು ರಾಬಿನ್ ಫಾಸ್ಟರ್ 1980ರಲ್ಲಿ 50 ಹೆಕ್ಟೇರ್ ಕಾಡಿಗೆ ಗುರುತು ಹಾಕಿಸಿದರು. ಕಾಂಡದ ವ್ಯಾಸ 1 ಸೆಂಟಿಮೀಟರ್ ಮುಟ್ಟಿದ ಪ್ರತಿ ಗಿಡಕ್ಕೂ ನಂಬರಿನ ಬಿಲ್ಲೆ, ನಕ್ಷೆಯಲ್ಲೊಂದು ಚುಕ್ಕೆ. ಸುಮಾರು 300 ಜಾತಿ, 2 ಲಕ್ಷಕ್ಕೂ ಹೆಚ್ಚು ಮರಗಿಡ! 1983ರಲ್ಲಿ ಎಲ್ ನಿನ್ಯೊ ಬರ ಬಂತು. 1985ರಲ್ಲಿ ಮತ್ತೆ ಎಣಿಸಿದಾಗ ದೊಡ್ಡ ಮರಗಳ ಸಾವು ಏರಿದ್ದು ಕಂಡಿತು. ಮೊದಲ ಪಟ್ಟಿ ಇಲ್ಲದಿದ್ದರೆ ಹೋದದ್ದೆಷ್ಟು ಎಂದು ಹೇಳುವವರೇ ಇರುತ್ತಿರಲಿಲ್ಲ. ಇಂಥ ತಾಕುಗಳು ಈಗ ಮಲೇಷ್ಯಾದ ಪಾಸೋ, ಭಾರತದ ಮುದುಮಲೈ ಸೇರಿ ಹಲವೆಡೆ ಇವೆ.

ಮರ ಅಳೆಯುವುದರಲ್ಲಿ ಏನಿದೆ ಮಹಾ ಎನ್ನಬೇಡಿ. ನೆಲದಿಂದ 1.3 ಮೀಟರ್ ಮೇಲೆ, ಅಂದರೆ ಹೆಚ್ಚುಕಡಿಮೆ ಎದೆಯೆತ್ತರದಲ್ಲಿ, ಟೇಪು ಸುತ್ತಬೇಕು. ಇಳಿಜಾರಿದ್ದರೆ ಮೇಲಿನ ಬದಿಯಿಂದ ಎತ್ತರ ಹಿಡಿಯಬೇಕು. ತಬ್ಬಿಕೊಂಡ ಬಳ್ಳಿಯ ಕೆಳಗೆ ಟೇಪು ತೂರಿಸಬೇಕು, ಪಾಚಿ ಒರೆಸಬೇಕು. ಬುಡದ ಬೇರುಗಳು ಗೋಡೆಯಂತೆ ತಲೆಮಟ್ಟದವರೆಗೂ ಎದ್ದಿದ್ದರೆ ಏಣಿ ಹಾಕಿ, ಕಾಂಡ ದುಂಡಗಾಗುವಲ್ಲಿ ಅಳೆದು, ಆ ಎತ್ತರವನ್ನೂ ಬರೆದಿಡಬೇಕು. ಬೆವರಿಗೆ ಟೇಪು ಜಾರುತ್ತದೆ, ಕಾಲಿಗೆ ಉಂಬಳ ಹತ್ತುತ್ತದೆ, ಹಿಂಬದಿಯಲ್ಲಿ ಟೇಪು ಓರೆಯಾದದ್ದು ಗೊತ್ತೇ ಆಗುವುದಿಲ್ಲ. ಸುತ್ತಳತೆ 1 ಮೀಟರ್ ಇರುವ ಮರಕ್ಕೆ 10 ಡಿಗ್ರಿ ಓರೆಯಾಗಿ ಟೇಪು ಸುತ್ತಿದರೆ ಸುಮಾರು 8 ಮಿಲಿಮೀಟರ್ ಹೆಚ್ಚಿಗೆ ತೋರುತ್ತದೆ. ನೆರಳಲ್ಲಿ ನಿಂತ ಎಷ್ಟೋ ಮರಗಳು ವರ್ಷವಿಡೀ ಅಷ್ಟು ದಪ್ಪವಾಗುವುದಿಲ್ಲ. ನಮ್ಮ ಕೈ ಓರೆಯಾದದ್ದನ್ನು ಲೆಕ್ಕ ಮರದ ಬೆಳವಣಿಗೆ ಎಂದುಕೊಳ್ಳುತ್ತದೆ. ಕಾಡು ಹೀರಿದ ಇಂಗಾಲದ ಅಂದಾಜಿಗೂ ಆ ತಪ್ಪು ನುಸುಳುತ್ತದೆ. ಅದಕ್ಕೇ ಅಳೆದ ಕೆಲವು ಮರಗಳನ್ನು, ಹಿಂದಿನ ಅಂಕಿ ತೋರಿಸದೆ, ಬೇರೆಯವರಿಂದ ಮತ್ತೆ ಅಳೆಸುವುದುಂಟು. ಇದನ್ನು ಅವಮಾನ ಎಂದುಕೊಳ್ಳುವವರು ಈ ಕೆಲಸಕ್ಕೆ ಒಗ್ಗುವುದಿಲ್ಲ.

ಕೆಲವು ಕಡೆ ಸ್ವಯಂಸೇವಕರೇ ಶುಲ್ಕ ಕಟ್ಟಬೇಕಾಗುತ್ತದೆ. ಕಟ್ಟಲಿ, ತಪ್ಪೇನಿಲ್ಲ. ಆದರೆ ಅಂಕಿ ಅಂಶ ಯಾರ ಕೈಗೆ ಹೋಗುತ್ತದೆ, ಮುಂದಿನ ಸಲ ಅದೇ ಮರಗಳನ್ನು ಅಳೆಯುವವರು ಯಾರು ಎಂದು ಮೊದಲೇ ಕೇಳಿಬಿಡುವುದು ಒಳ್ಳೆಯದು. ಉತ್ತರ ತಡವರಿಸಿದರೆ ಅದು ಬಹುಶಃ ಪ್ರವಾಸವೇ.

ಇನ್ನು ಸತ್ತ ಮರ. ಎಲೆ ಉದುರಿತೆಂದು 'ಸತ್ತಿದೆ' ಎಂದು ಬರೆದು ಮುಂದೆ ಹೋಗುವಂತಿಲ್ಲ. ಮುಂದಿನ ಗಣತಿಯಲ್ಲಿ ಅದು ಚಿಗುರಿಕೊಂಡು ನಿಂತಿರಬಹುದು. ಉಗುರಲ್ಲಿ ತೊಗಟೆ ಕೊಂಚ ಕೆರೆಯಬೇಕು. ಒಳಗೆ ಹಸಿರು ಕಂಡರೆ ಮತ್ತೆ ಟೇಪು ಬಿಚ್ಚಬೇಕು.