ಗೆಳೆಯರ ಫೋಟೋ ನೋಡಿ ಏನು ಹೇಳಬೇಕು: ಹವ್ಯಾಸಿ ಛಾಯಾಗ್ರಾಹಕರಿಗೆ ಅಧ್ಯಯನ ಟಿಪ್ಪಣಿ

ಇನ್ನೊಬ್ಬರ ಫೋಟೋ ಬಗ್ಗೆ ನಾವಾಡಿದ ಮಾತು ಉಪಯೋಗಕ್ಕೆ ಬಂತೋ ಇಲ್ಲವೋ ಎಂದು ತಿಳಿಯಲು ಒಂದೇ ಪರೀಕ್ಷೆ: ಕೇಳಿಸಿಕೊಂಡವರು ಮುಂದಿನ ಸಲ ಕ್ಯಾಮೆರಾ ಎತ್ತಿದಾಗ ಏನನ್ನಾದರೂ ಬೇರೆ ಥರ ಮಾಡಬಲ್ಲರೇ? ‘ಸೂಪರ್ ಸರ್’ ಎಂದರೂ ಮಾಡಲಾರರು, ‘ಇನ್ನೂ ಶಾರ್ಪ್ ಇರಬೇಕಿತ್ತು’ ಎಂದರೂ ಮಾಡಲಾರರು. ಎರಡನೆಯದು ಸ್ವಲ್ಪ ಖಾರವಾಗಿರುವುದರಿಂದ ವಿಮರ್ಶೆಯ ಹಾಗೆ ಕಾಣುತ್ತದೆ, ಅಷ್ಟೆ. ದೋಷದ ಹೆಸರು ಹೇಳಿದರೆ ಸಾಲದು, ಕಾರಣ ಹೇಳಬೇಕು. ಕಾರಣ ಹೇಳಲು ಚಿತ್ರದೊಳಗೆ ಅದರ ಗುರುತು ಹುಡುಕಲು ಬರಬೇಕು. ಈ ಟಿಪ್ಪಣಿಯ ಬಹುಪಾಲು ಆ ಗುರುತುಗಳ ಬಗ್ಗೆಯೇ ಇದೆ. ಉದಾಹರಣೆಗೆ ನಮ್ಮ ಹವ್ಯಾಸಿಗಳು ಹೆಚ್ಚಾಗಿ ತೆಗೆಯುವ ಮೂರು ಬಗೆಯ ಚಿತ್ರಗಳನ್ನು ಇಟ್ಟುಕೊಳ್ಳೋಣ: ರಂಗನತಿಟ್ಟಿನಲ್ಲಿ ದೋಣಿಯಿಂದ ತೆಗೆದ ಹಕ್ಕಿ, ರಾತ್ರಿಯ ಯಕ್ಷಗಾನ, ಬೇಲೂರಿನ ಶಿಲ್ಪ.

ನೋಡುವ ಮೊದಲು

ವಾಟ್ಸಾಪಿನಲ್ಲಿ ಫೋಟೋ ಆಗಿ ಬಂದ ಚಿತ್ರದ ಶಾರ್ಪ್‌ನೆಸ್ ಬಗ್ಗೆ ಬಾಯಿ ಬಿಡಬಾರದು. ಅದು ಚಿತ್ರವನ್ನು ಕುಗ್ಗಿಸುತ್ತದೆ, ಗರಿಯಂಥ ಸಣ್ಣ ವಿವರವನ್ನು ಒರೆಸಿಬಿಡುತ್ತದೆ, ಶಟರ್ ವೇಗ ಮುಂತಾದ ಮಾಹಿತಿಯನ್ನೂ ಕಿತ್ತುಹಾಕುತ್ತದೆ. ‘ಡಾಕ್ಯುಮೆಂಟ್ ಆಗಿ ಕಳಿಸಿ’ ಎಂದು ಕೇಳಿ. ಆಗ ಮೂಲ ಫೈಲ್ ಹಾಗೇ ಬರುತ್ತದೆ. ಮೊಬೈಲ್ ಪರದೆಯ ಬೆಳಕು ಕೋಣೆಯ ಬೆಳಕಿಗೆ ತಕ್ಕಂತೆ ತಾನೇ ಏರಿಳಿಯುವುದರಿಂದ ‘ಕತ್ತಲಾಗಿದೆ’, ‘ಬೆಳಕು ಜಾಸ್ತಿ’ ಎನ್ನುವ ಮಾತಿಗೂ ಕಣ್ಣೊಂದನ್ನೇ ನಂಬಬೇಡಿ. ಚಿತ್ರದಲ್ಲಿ ಕತ್ತಲು, ಬೆಳಕು ಎಷ್ಟೆಷ್ಟಿದೆ ಎಂದು ತೋರಿಸುವ ನಕ್ಷೆ, ಅಂದರೆ ಹಿಸ್ಟೋಗ್ರಾಂ ತೆರೆದು ನೋಡಿ.

ಕೇಳಬೇಕಾದ ಪ್ರಶ್ನೆಗಳು ಹೆಚ್ಚಿಲ್ಲ. ಶಟರ್ (ಸೆಕೆಂಡಿನ ಎಷ್ಟು ಭಾಗ ಬೆಳಕು ಒಳಗೆ ಬಂತು, 1/400 ಎಂಬಂತೆ), ಅಪರ್ಚರ್ (ಲೆನ್ಸಿನ ಕಿಂಡಿ ಎಷ್ಟು ತೆರೆದಿತ್ತು, ಎಫ್/8 ಎಂಬಂತೆ), ಐಎಸ್‌ಒ (ಬಂದ ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸಿತು), ಲೆನ್ಸಿನ ಮಿ.ಮೀ., ಎಷ್ಟು ಕ್ರಾಪ್ ಆಗಿದೆ (ಅಂಚು ಕತ್ತರಿಸಿದೆ), ಎಲ್ಲಿ ನಿಂತು ತೆಗೆದದ್ದು, ಚಿತ್ರ ಯಾವುದಕ್ಕಾಗಿ. ಕೊನೆಯದನ್ನು ಕೇಳಲು ಬಹಳ ಜನ ಮರೆಯುತ್ತಾರೆ. ಮನೆಯ ಗೋಡೆಗೆ ಹಾಕುವ ಚಿತ್ರಕ್ಕೂ ಸ್ಪರ್ಧೆಯ ನೇಚರ್ ವಿಭಾಗಕ್ಕೆ ಕಳಿಸುವ ಚಿತ್ರಕ್ಕೂ ಸಲಹೆ ಒಂದೇ ಆಗಲಾರದು. ಯಾಕೆ ಎಂಬುದು ಮುಂದೆ ಬರುತ್ತದೆ.

ಮೊದಲ ನೋಟ

ಚಿತ್ರವನ್ನು ಮೊದಲು ಅಂಗೈಯಷ್ಟು ಚಿಕ್ಕದಾಗಿ ನೋಡಿ. ನಿಮ್ಮ ಕಣ್ಣು ಮೊದಲು ಎಲ್ಲಿಗೆ ಹೋಯಿತು, ಆಮೇಲೆ ಎಲ್ಲಿಗೆ, ಎಲ್ಲಿ ನಿಂತಿತು ಎಂದು ಬರೆದುಕೊಳ್ಳಿ. ಚೆನ್ನ, ಕೆಟ್ಟದು ಎಂಬ ಮಾತು ಈಗಲೇ ಬೇಡ. ಕಣ್ಣು ಸಾಮಾನ್ಯವಾಗಿ ಅತಿ ಬೆಳಕಿರುವ ಕಡೆಗೆ, ಬೆಳಕು ನೆರಳು ಜೋರಾಗಿ ತಾಗುವ ಕಡೆಗೆ, ಕೆಂಪು ಹಳದಿಯತ್ತ, ಮುಖದತ್ತ, ಅಕ್ಷರಗಳತ್ತ ಓಡುತ್ತದೆ. ‘ನನ್ನ ಕಣ್ಣು ಹಕ್ಕಿಗಿಂತ ಮೊದಲು ಎಡಮೂಲೆಯ ಒಣಕೊಂಬೆಗೆ ಹೋಯಿತು’ ಎಂಬ ವಾಕ್ಯಕ್ಕೆ ಬೆಲೆ ಇದೆ, ಏಕೆಂದರೆ ತೆಗೆದವರಿಗೆ ಅದು ಕಾಣಿಸುವುದೇ ಇಲ್ಲ. ಅವರು ಆ ಹಕ್ಕಿಗಾಗಿ ಕಾದವರು. ಚಿತ್ರ ತೆರೆದ ಕೂಡಲೇ ಅವರ ಕಣ್ಣು ನೇರ ಹಕ್ಕಿಗೇ ಹೋಗುತ್ತದೆ. ಹೊಸಬರ ಕಣ್ಣು ಹೇಗೆ ಓಡಾಡಿತು ಎಂಬ ಸುದ್ದಿಯನ್ನು ಬೇರೆಯವರೇ ಕೊಡಬೇಕು. ತಾಂತ್ರಿಕ ಜ್ಞಾನ ಏನೂ ಇಲ್ಲದ ಹೊಸ ಸದಸ್ಯರೂ ಇಷ್ಟನ್ನು ಹೇಳಬಲ್ಲರು, ಹೇಳಬೇಕು.

ಆಮೇಲೆ ನಾಲ್ಕೂ ಅಂಚನ್ನು ಒಂದು ಸುತ್ತು ನೋಡಿ: ಕತ್ತರಿಸಿದ ಬಾಲ, ಅರ್ಧ ನುಗ್ಗಿದ ಎಲೆ, ವಾಲಿದ ನೀರಿನ ಗೆರೆ. ದೋಣಿಯಿಂದ ತೆಗೆದ ಚಿತ್ರದಲ್ಲಿ ನೀರಿನ ಗೆರೆ ಒಂದೆರಡು ಡಿಗ್ರಿ ವಾಲಿರುವುದು ತೀರಾ ಸಾಮಾನ್ಯ, ಸರಿಪಡಿಸಲು ಅರ್ಧ ನಿಮಿಷ ಸಾಕು. ಅದಕ್ಕೆ ಒಂದು ಸಾಲಿಗಿಂತ ಹೆಚ್ಚು ಬರೆಯಬೇಡಿ.

‘ಶಾರ್ಪ್ ಇಲ್ಲ’ ಎನ್ನುವ ಮೊದಲು

ಅತಿ ಹೆಚ್ಚು ತಪ್ಪು ಸಲಹೆ ಹುಟ್ಟುವುದು ಇಲ್ಲೇ. ಮಸುಕಿಗೆ ಐದು ಕಾರಣಗಳಿರಬಹುದು, ಐದಕ್ಕೂ ಮದ್ದು ಬೇರೆ ಬೇರೆ. ಚಿತ್ರವನ್ನು ನೂರು ಪರ್ಸೆಂಟ್ ಹಿಗ್ಗಿಸಿ, ಹಕ್ಕಿಯನ್ನು ಬಿಟ್ಟು ಅದರ ಸುತ್ತಮುತ್ತ ನೋಡಿ.

ಹಕ್ಕಿಯ ಕಣ್ಣು ಮಸುಕಾಗಿದ್ದು, ಬಾಲವೋ ಮುಂದಿನ ಕೊಂಬೆಯೋ ಎಲ್ಲೋ ಒಂದು ಕಡೆ ಗೆರೆ ಕೊರೆದಂತೆ ಸ್ಪಷ್ಟವಾಗಿದ್ದರೆ ಫೋಕಸ್ ತಪ್ಪಿದೆ. 400 ಮಿ.ಮೀ. ಲೆನ್ಸ್, ಎಫ್/5.6, ಹಕ್ಕಿ 10 ಮೀಟರ್ ದೂರ ಎಂದಿಟ್ಟುಕೊಳ್ಳಿ. ಹವ್ಯಾಸಿ ಕ್ಯಾಮೆರಾಗಳಲ್ಲಿ ಸಾಮಾನ್ಯವಾದ ಚಿಕ್ಕ ಅಳತೆಯ ಎಪಿಎಸ್-ಸಿ ಸೆನ್ಸರಿನಲ್ಲಿ ಸ್ಪಷ್ಟವಾಗಿ ಬೀಳುವ ಆಳ ಸುಮಾರು 15 ಸೆಂ.ಮೀ. ಮಾತ್ರ. ನಮ್ಮ ಕಡೆ ಮುಖ ಮಾಡಿ ನಿಂತ ಕೊಕ್ಕರೆಯ ಎದೆಗೆ ಫೋಕಸ್ ಬಿದ್ದರೆ ಕೊಕ್ಕಿನ ತುದಿ ಆ ಆಳದಿಂದ ಆಚೆ ಹೋಗುವುದು ಖಂಡಿತ. ಇಲ್ಲಿ ಕೊಡಬೇಕಾದ ಸಲಹೆ: ಫೋಕಸ್ ಚುಕ್ಕಿ ಕಣ್ಣಿನ ಮೇಲಿರಲಿ, ಸ್ಪಷ್ಟ ಆಳ ಹೆಚ್ಚಲು, ಬೆಳಕಿದ್ದರೆ, ಎಫ್/8.

ಹಕ್ಕಿ, ಬಂಡೆ, ಕೊಂಬೆ ಎಲ್ಲವೂ ಒಂದೇ ದಿಕ್ಕಿಗೆ ಎಳೆದ ಹಾಗಿದ್ದರೆ ಕ್ಯಾಮೆರಾ ಅಲುಗಿದೆ. ನೀರಿನ ಮೇಲಿನ ಹೊಳೆಯುವ ಚುಕ್ಕಿಗಳನ್ನು ನೋಡಿ. ಅವು ಚುಕ್ಕಿಯಾಗಿ ಉಳಿಯದೆ ಸಣ್ಣ ಗೀರುಗಳಾಗಿ, ಎಲ್ಲವೂ ಒಂದೇ ಓರೆಯಲ್ಲಿ ಬಿದ್ದಿದ್ದರೆ ಅನುಮಾನವೇ ಬೇಡ. ‘ಟ್ರೈಪಾಡ್ ಬಳಸಿ’ ಎಂಬ ಸಿದ್ಧ ಸಲಹೆ ದೋಣಿಯಲ್ಲಿ ಕೆಲಸಕ್ಕೆ ಬಾರದು, ದೋಣಿಯ ಅಲುಗಾಟವೇ ಟ್ರೈಪಾಡಿನ ಮೂಲಕ ಕ್ಯಾಮೆರಾಗೆ ಹತ್ತುತ್ತದೆ. ಕೈಯಲ್ಲೇ ಹಿಡಿದು, ಕುಳಿತ ಹಕ್ಕಿಗೂ 1/1600ರ ಆಸುಪಾಸು ಇಡಲು ಹೇಳಿ. 1/400ರಿಂದ 1/1600ಕ್ಕೆ ಹೋಗುವುದೆಂದರೆ ಎರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧವಾಗುವುದು ಇಲ್ಲವೇ ದುಪ್ಪಟ್ಟಾಗುವುದು). ಐಎಸ್‌ಒ 400 ಇದ್ದದ್ದು 1600 ಆಗುತ್ತದೆ. ಈ ಲೆಕ್ಕವನ್ನು ನೀವೇ ಮಾಡಿ ಕೊಡಿ. ಐಎಸ್‌ಒ ಏರಿಸಲು ಹೆದರುವವರಿಗೆ ಒಂದು ಮಾತು ಸೇರಿಸಿ: ಗ್ರೇನ್ಸ್ (ನಾಯ್ಸ್, ಮರಳಿನಂಥ ಚುಕ್ಕಿ) ಸ್ವಲ್ಪ ಬಂದರೆ ಆಮೇಲೆ ಇಳಿಸಬಹುದು, ಅಲುಗಿದ ಗರಿಯನ್ನು ಮತ್ತೆ ತರಲಾಗದು.

ಬಂಡೆ ಸ್ಪಷ್ಟ, ಹಕ್ಕಿಯ ದೇಹವೂ ಸ್ಪಷ್ಟ, ರೆಕ್ಕೆಯ ತುದಿ ಮಾತ್ರ ಮಸುಕು ಎಂದಾದರೆ ಅದು ಹಕ್ಕಿಯ ಚಲನೆ. ಇದು ದೋಷವೇ ಎಂದು ಮೊದಲು ಯೋಚಿಸಿ. ಕಣ್ಣು ಸ್ಪಷ್ಟವಿದ್ದು ರೆಕ್ಕೆ ತುಸು ಅಳಿಸಿದಂತಿದ್ದರೆ ಹಾರಾಟದ ಭಾವ ಬರುತ್ತದೆ. ಎಷ್ಟೋ ಚಿತ್ರಗಳಿಗೆ ಅದೇ ಜೀವ.

ಉಳಿದೆರಡು ಕಾರಣ ಬೇಗ ಹೊಳೆಯುವುದಿಲ್ಲ. ನಡುಹಗಲಲ್ಲಿ ಕಾದ ಬಂಡೆಯ ಮೇಲಿನ ಬಿಸಿಗಾಳಿಯಲ್ಲಿ ದೂರದ ಹಕ್ಕಿಯನ್ನು ತೆಗೆದರೆ ಅಂಚುಗಳು ಅಲೆಅಲೆಯಾಗುತ್ತವೆ. ಒಂದೇ ಸರಣಿಯ ಒಂದು ಫ್ರೇಮ್ ಚೆನ್ನಾಗಿ, ಪಕ್ಕದ್ದು ಮಸುಕಾಗಿ ಬರುತ್ತದೆ. ಶಟರ್ ಏರಿಸಿದರೂ ಬೆಲೆಬಾಳುವ ಲೆನ್ಸ್ ಹಾಕಿದರೂ ಅದು ಸರಿಹೋಗದು. ಬೆಳಗಿನ ಮೊದಲ ದೋಣಿ ಹಿಡಿಯಬೇಕು, ಇಲ್ಲವೇ ಹತ್ತಿರದ ಹಕ್ಕಿಗೆ ಕಾಯಬೇಕು. ಇನ್ನೊಂದು, ಮಿತಿಮೀರಿದ ಕ್ರಾಪ್. 24 ಮೆಗಾಪಿಕ್ಸೆಲ್ ಚಿತ್ರ ಎಂದರೆ 6000×4000. ಎರಡೂ ಬದಿಯನ್ನು ಅರ್ಧ ಮಾಡಿದರೆ ಉಳಿಯುವುದು 6 ಮೆಗಾಪಿಕ್ಸೆಲ್, ಕಾಲು ಮಾಡಿದರೆ ಒಂದೂವರೆ. ಅಷ್ಟರಲ್ಲಿ ಗರಿ ಬಿಡಿಬಿಡಿಯಾಗಿ ಕಾಣಲಿ ಎಂದು ಶಾರ್ಪನಿಂಗ್ ಎಳೆದಾಗ ಹಕ್ಕಿಯ ಸುತ್ತ ಬಿಳಿ ಗೆರೆ ಹುಟ್ಟುತ್ತದೆ. ಆ ಗೆರೆ ಕಂಡರೆ ‘ಶಾರ್ಪನಿಂಗ್ ಕಡಿಮೆ ಮಾಡಿ’ ಎನ್ನುವುದರ ಜೊತೆಗೆ ‘ಕ್ರಾಪ್ ಸಡಿಲಿಸಿ, ಹಕ್ಕಿ ಚಿಕ್ಕದಾಗಿದ್ದರೂ ಅದರ ಜಾಗ ಕಾಣಲಿ’ ಎನ್ನಿ.

ಬಿಳಿ ಹಕ್ಕಿಯ ತೊಂದರೆ

ಬೆಳ್ಳಕ್ಕಿ, ಚಮಚಕೊಕ್ಕಿನ ಹಕ್ಕಿ ಚಿತ್ರಗಳಲ್ಲಿ ಗರಿಯ ವಿವರ ಸುಟ್ಟು ಬರೀ ಬಿಳಿ ಉಳಿದಿರುತ್ತದೆ. ಇದಕ್ಕೆ ಅರ್ಧ ಕಾರಣ ನಾವು ಒಬ್ಬರಿಗೊಬ್ಬರು ಕೊಟ್ಟ ಸಲಹೆಯೇ. ‘ಬಿಳಿ ವಸ್ತುವಿಗೆ ಪ್ಲಸ್ ಕೊಡಬೇಕು’ (ಕ್ಯಾಮೆರಾ ತಾನೇ ಲೆಕ್ಕ ಹಾಕಿದ್ದಕ್ಕಿಂತ ಬೆಳಕು ಹೆಚ್ಚಿಸಬೇಕು; ಮೈನಸ್ ಎಂದರೆ ಇಳಿಸುವುದು) ಎಂಬುದು ಬಿಳಿ ಫ್ರೇಮಿನ ತುಂಬ ಇದ್ದಾಗ ಸರಿ. ಆಗ ಕ್ಯಾಮೆರಾ ಬಿಳಿಯನ್ನು ಬೂದು ಮಾಡಲು ನೋಡುತ್ತದೆ. ಕಡು ಹಸಿರು ಪೊದೆಯ ಮುಂದೆ ಚಿಕ್ಕದಾಗಿ ಕೂತ ಬೆಳ್ಳಕ್ಕಿಗೆ ಇದು ತಿರುಗುಮುರುಗು. ಕ್ಯಾಮೆರಾ ಪೊದೆಯ ಕತ್ತಲನ್ನು ಬೆಳಗಿಸಲು ಹೋಗಿ ಹಕ್ಕಿಯನ್ನು ಸುಡುತ್ತದೆ. ಅಲ್ಲಿ ಮೈನಸ್ 2/3ರಿಂದ ಮೈನಸ್ 1 1/3ರವರೆಗೆ ಬೇಕು. ಹಾಗಾಗಿ ಸಲಹೆಯಲ್ಲಿ ಹಿನ್ನೆಲೆಯ ಮಾತು ಇರಲೇಬೇಕು.

ಪೂರ್ತಿ ಬಿಸಿಲಿನಲ್ಲಿ ಐಎಸ್‌ಒ 400, ಎಫ್/8 ಇದ್ದರೆ 1/1600 ಸಾಮಾನ್ಯ ವಸ್ತುವಿಗೆ ಸರಿಯಾಗುತ್ತದೆ. ಬಿಳಿ ಹಕ್ಕಿಗೆ ಅದಕ್ಕಿಂತ ಅರ್ಧದಿಂದ ಒಂದು ಸ್ಟಾಪ್ ಕಡಿಮೆ ಬೆಳಕು. ಗೆಳೆಯರ ಚಿತ್ರದ ಸೆಟ್ಟಿಂಗನ್ನು ಇದರ ಪಕ್ಕ ಇಟ್ಟು ನೋಡಿದರೆ ಎಷ್ಟು ತಪ್ಪಿದೆ ಎಂದು ಲೆಕ್ಕದಲ್ಲೇ ಹೇಳಬಹುದು. ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್) ಇದ್ದರೆ ಹೈಲೈಟ್ (ಅತಿ ಬೆಳಕಿನ ಭಾಗ) ಇಳಿಸಿ ನೋಡಲು ಹೇಳಿ. ಜೆಪೆಗ್‌ನಲ್ಲಿ ಸುಟ್ಟ ಬಿಳಿಗೆ ಸ್ಲೈಡರ್ ಎಳೆದರೆ ಅದು ಬೂದು ಆಗುತ್ತದೆ ಹೊರತು ಗರಿ ಮರಳಿ ಬರುವುದಿಲ್ಲ.

ಯಕ್ಷಗಾನ ಮತ್ತು ಶಿಲ್ಪ

ರಂಗದ ಹಿಂದಿನ ಕತ್ತಲು ಕ್ಯಾಮೆರಾವನ್ನು ಮೋಸಗೊಳಿಸಿ ಮುಖವರ್ಣಿಕೆಯನ್ನು ಸುಡುವುದು ಬೆಳ್ಳಕ್ಕಿಯದೇ ಕಥೆ. ಇಲ್ಲಿಯ ವಿಶೇಷ ಸಮಸ್ಯೆ ಕೆಂಪು. ವೇಷದ ಕೆಂಪಿನಲ್ಲಿ ಮಡಿಕೆ, ಜರಿ ಏನೂ ಕಾಣದೆ ಒಂದೇ ತೇಪೆಯಂತಿದ್ದರೆ ಕೆಂಪು ಚಾನೆಲ್ (ಚಿತ್ರದಲ್ಲಿ ಕೆಂಪು ಬಣ್ಣದ ಪಾಲು) ತುಂಬಿ ಹರಿದಿದೆ. ಒಟ್ಟು ಹಿಸ್ಟೋಗ್ರಾಂ ಸರಿಯಾಗಿಯೇ ಕಂಡಿರುತ್ತದೆ, ಆದ್ದರಿಂದ ತೆಗೆದವರಿಗೆ ಗೊತ್ತಾಗಿರುವುದಿಲ್ಲ. ಕೆಂಪು, ಹಸಿರು, ನೀಲಿ ಮೂರು ಬಣ್ಣದ ಹಿಸ್ಟೋಗ್ರಾಂ ಬೇರೆ ಬೇರೆ ನೋಡಲು ಹೇಳಿ.

ಚಿತ್ರದ ಅಡ್ಡಕ್ಕೆ ಕಪ್ಪು ಪಟ್ಟೆ ಬಂದಿದ್ದರೆ ‘ಕ್ಯಾಮೆರಾ ಕೆಟ್ಟಿದೆ’ ಎಂದು ಹೆದರಿಸಬೇಡಿ. ನಮ್ಮ ಕರೆಂಟು 50 ಹರ್ಟ್ಸ್. ಅಗ್ಗದ ಎಲ್‌ಇಡಿ ದೀಪ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. 1/500ರಲ್ಲಿ, ಅದರಲ್ಲೂ ಎಲೆಕ್ಟ್ರಾನಿಕ್ ಶಟರಿನಲ್ಲಿ, ಆ ಮಿನುಗು ಪಟ್ಟೆಯಾಗಿ ಬೀಳುತ್ತದೆ. ನಿಂತ ಭಂಗಿಗೆ ಮೆಕ್ಯಾನಿಕಲ್ ಶಟರ್, 1/100 ಇಟ್ಟರೆ ಪಟ್ಟೆ ಹೋಗುತ್ತದೆ. ದಿಗಿಣದ (ಹಾರಿ ಗಿರಕಿ ಹೊಡೆಯುವ ಕುಣಿತದ) ಹೊತ್ತಿಗೆ ವೇಗ ಬೇಕೇ ಬೇಕು. ಆಗ ಕ್ಯಾಮೆರಾದಲ್ಲಿ ಫ್ಲಿಕರ್ ಕಡಿಮೆ ಮಾಡುವ ಆಯ್ಕೆ ಇದೆಯೇ ನೋಡಲು ಹೇಳಿ.

ಬೇಲೂರಿನ ಮದನಿಕೆಯರ ಚಿತ್ರಕ್ಕೆ ಬರುವ ಮಾತು ‘ಗೊಂಬೆ ಹಿಂದಕ್ಕೆ ಬಿದ್ದ ಹಾಗಿದೆ’. ಮದನಿಕೆ ಇರುವುದು ಕಂಬದ ಮೇಲ್ಭಾಗದಲ್ಲಿ, ಸೂರಿನ ಅಡಿ, ಮುಂದಕ್ಕೆ ವಾಲಿಕೊಂಡು. ಕೆಳಗೆ ಹತ್ತಿರ ನಿಂತು ಮೊಬೈಲಿನ ಅಗಲ ಲೆನ್ಸ್ ಮೇಲಕ್ಕೆತ್ತಿದರೆ ಕಾಲು ದಪ್ಪ, ತಲೆ ಸಣ್ಣ. ಜಗತಿಯ (ದೇವಸ್ಥಾನ ನಿಂತ ಎತ್ತರದ ಕಟ್ಟೆಯ) ಮೇಲೆ ಸಾಧ್ಯವಾದಷ್ಟು ಹಿಂದೆ ಸರಿದು 100–200 ಮಿ.ಮೀ.ನಲ್ಲಿ ತೆಗೆದರೆ ಅಂಗಾಂಗದ ಅಳತೆ ಉಳಿಯುತ್ತದೆ. ನಡುಹಗಲಲ್ಲಿ ಸೂರಿನ ನೆರಳು ಮುಖಕ್ಕೇ ಬೀಳುತ್ತದೆ. ಬೆಳಗ್ಗೆ, ಸಂಜೆ ಓರೆ ಬೆಳಕಿದ್ದಾಗ ಕೆತ್ತನೆ ಎದ್ದು ಕಾಣುತ್ತದೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡಿಗೆ ಅನುಮತಿ ಬೇಕಾಗುವುದರಿಂದ ಇಲ್ಲಿಯೂ ಆ ಸಲಹೆಯನ್ನು ಯೋಚಿಸಿ ಕೊಡಿ.

ಯಾವುದು ಈಗ, ಯಾವುದು ಮುಂದಿನ ಸಲ

ಕಂಡ ದೋಷಗಳನ್ನು ಹೇಳುವ ಮೊದಲು ವಿಂಗಡಿಸಿ. ಓರೆ, ಕ್ರಾಪ್, ಬಣ್ಣ ಈಗಲೇ ಎಡಿಟಿಂಗಿನಲ್ಲಿ ಸರಿಯಾಗುವಂಥವು. ನಿಂತ ಜಾಗ, ಶಟರ್, ಹಿನ್ನೆಲೆ ಮುಂದಿನ ಸಲಕ್ಕೆ. ಹಕ್ಕಿ ಆ ಕಡೆ ಮುಖ ತಿರುಗಿಸಿದ್ದು, ಮೋಡ ಬಂದದ್ದು ಯಾರ ಕೈಯಲ್ಲೂ ಇಲ್ಲ, ಅದನ್ನು ಹೇಳಲೇಬೇಡಿ. ಹಕ್ಕಿಯ ತಲೆಯಿಂದ ಕೊಂಬೆ ಮೊಳೆತಂತಿದ್ದರೆ ‘ಕೊಂಬೆ ಅಡ್ಡ ಬಂದಿದೆ’ ಎನ್ನುವುದಕ್ಕಿಂತ ‘ದೋಣಿ ಒಂದಡಿ ಮುಂದೆ ಸಾಗುವವರೆಗೆ ಕಾದು ಇನ್ನೊಂದು ಫ್ರೇಮ್ ತೆಗೆದಿದ್ದೀರಾ? ಇದ್ದರೆ ಕಳಿಸಿ’ ಎನ್ನುವುದು ಮೇಲು. ಎಷ್ಟೋ ಸಲ ಒಳ್ಳೆಯ ಫ್ರೇಮ್ ಅವರ ಕಾರ್ಡಿನಲ್ಲೇ ಇರುತ್ತದೆ, ಆರಿಸಿದ್ದು ತಪ್ಪಾಗಿರುತ್ತದೆ.

ಆ ಕೊಂಬೆಯನ್ನು ‘ಫೋಟೋಶಾಪಿನಲ್ಲಿ ತೆಗೆದುಬಿಡಿ’ ಎನ್ನುವ ಮೊದಲು ಚಿತ್ರ ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ಪಿಎಸ್‌ಎ (ಅಮೆರಿಕದ ಛಾಯಾಗ್ರಹಣ ಸಂಘ), ಎಫ್‌ಐಎಪಿ (ಅಂತರರಾಷ್ಟ್ರೀಯ ಛಾಯಾಗ್ರಹಣ ಕಲಾ ಒಕ್ಕೂಟ), ಆರ್‌ಪಿಎಸ್ (ಬ್ರಿಟನ್ನಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿ) ಮೂರೂ ಸೇರಿ ಒಪ್ಪಿ 2015ರಿಂದ ಜಾರಿಗೆ ತಂದ ನೇಚರ್ ವ್ಯಾಖ್ಯೆಯ ಪ್ರಕಾರ ಕ್ರಾಪ್ ಬಿಟ್ಟು ಬೇರೆ ರೀತಿಯಲ್ಲಿ ಚಿತ್ರದ ಯಾವ ಅಂಶವನ್ನೂ ಸೇರಿಸುವ, ತೆಗೆಯುವ, ಜಾಗ ಬದಲಿಸುವ ಹಾಗಿಲ್ಲ. ಸೆನ್ಸರಿನ ಧೂಳಿನ ಚುಕ್ಕೆ, ನಾಯ್ಸ್ ತೆಗೆಯಬಹುದು. ಇಡೀ ಚಿತ್ರವನ್ನು ಕಪ್ಪುಬಿಳುಪು ಮಾಡಬಹುದು. ನಿಮ್ಮ ಸಲಹೆ ಕೇಳಿ ಕೊಂಬೆ ಅಳಿಸಿದವರ ಚಿತ್ರ ಅನರ್ಹವಾದರೆ ಆ ಹೊಣೆ ನಿಮ್ಮದೂ ಹೌದು.

ಬರೆಯುವ ರೀತಿ

ಮೆಚ್ಚಿದ್ದನ್ನು ಬರೆಯುವಾಗಲೂ ಬೆರಳಿಟ್ಟು ತೋರಿಸಿ. ತೆಗೆದವರಿಗೆ ತಾವು ಮಾಡಿದ್ದರಲ್ಲಿ ಯಾವುದು ಫಲಿಸಿತು ಎಂದು ಗೊತ್ತಾದರೆ ತಾನೇ ಅದನ್ನು ಮತ್ತೆ ಮಾಡುವುದು? ಸಲಹೆ ಒಂದು, ಹೆಚ್ಚೆಂದರೆ ಎರಡು. ಏಳು ದೋಷ ಪಟ್ಟಿ ಮಾಡಿದರೆ ಯಾವುದರಿಂದ ಶುರು ಮಾಡಬೇಕೆಂದು ಯಾರಿಗೂ ತಿಳಿಯದು. ಒಂದು ಮಾದರಿ ಹೀಗಿರಬಹುದು:

‘ಸರ್, ಬೆಳ್ಳಕ್ಕಿ ನೀರಿಗೆ ಕೊಕ್ಕು ತಾಗಿಸುವ ಗಳಿಗೆ ಸಿಕ್ಕಿದೆ, ಉಂಗುರದಂಥ ಅಲೆ ಪೂರ್ತಿ ಫ್ರೇಮಿನೊಳಗೆ ಉಳಿದಿರುವುದು ತುಂಬ ಹಿಡಿಸಿತು. ಬೆನ್ನಿನ ಮೇಲೆ ಗರಿಯ ವಿವರ ಹೋಗಿದೆ. ಹಿಂದೆ ಕಡು ಹಸಿರು ಇರುವುದರಿಂದ ಕ್ಯಾಮೆರಾ ಬೆಳಕು ಹೆಚ್ಚು ತಗೊಂಡಿರಬೇಕು. ಇಂಥ ಕಡೆ ಮೈನಸ್ 1 ಇಟ್ಟು ನೋಡ್ತೀರಾ? ರಾ ಇದ್ದರೆ ಈಗಲೂ ಸ್ವಲ್ಪ ಮರಳಿ ಬರಬಹುದು.’

ಇದರಲ್ಲಿ ‘ಇರಬೇಕು’ ಎಂಬ ಅನುಮಾನ ಬರೀ ಸೌಜನ್ಯಕ್ಕಲ್ಲ. ನಾವು ಊಹಿಸಿದ ಕಾರಣ ತಪ್ಪಿರಬಹುದು. ಅವರು ‘ಆಗಲೇ ಮೈನಸ್ 1 ಇಟ್ಟಿದ್ದೆ’ ಎಂದರೆ ಸ್ಪಾಟ್ ಮೀಟರಿಂಗ್ (ಒಂದೇ ಚುಕ್ಕಿಯ ಬೆಳಕು ಅಳೆಯುವ ರೀತಿ) ಎಲ್ಲಿಗೆ ಬಿದ್ದಿತ್ತು, ಎಡಿಟಿಂಗಿನಲ್ಲಿ ಬೆಳಕು ಏರಿಸಿದರೇ ಎಂದು ಮುಂದಿನ ಪ್ರಶ್ನೆ ಕೇಳಬೇಕು. ವಯಸ್ಸಿನಲ್ಲಿ ಹಿರಿಯರಿಗೂ ಮೊದಲ ಸಲ ಚಿತ್ರ ತೋರಿಸುವವರಿಗೂ ಪ್ರಶ್ನೆಯ ರೂಪವೇ ಒಪ್ಪುತ್ತದೆ. ಕೇಳದೆ ಇನ್ನೊಬ್ಬರ ಚಿತ್ರವನ್ನು ತಿದ್ದಿ ಎಲ್ಲರೆದುರು ಹಾಕುವುದು ಮಾತ್ರ ಸಲ್ಲದು. ಕ್ರಾಪ್ ತೋರಿಸಬೇಕಿದ್ದರೆ ಅನುಮತಿ ಪಡೆದು ಅವರಿಗೊಬ್ಬರಿಗೇ ಕಳಿಸಿ.

ಗೂಡಿನ ಮುಂದಿನ ಎಲೆ ಸರಿಸಿ ತೆಗೆದಂತೆ ಕಂಡರೆ, ಕೂಗಿನ ರೆಕಾರ್ಡಿಂಗ್ ಹಾಕಿ ಹಕ್ಕಿಯನ್ನು ಕರೆಸಿದಂತೆ ಅನಿಸಿದರೆ, ಬೆಳಕು ಬಣ್ಣದ ಮಾತು ಪಕ್ಕಕ್ಕಿಡಿ. ಗುಂಪಿನಲ್ಲಿ ಬೈಯದೆ ಫೋನ್ ಮಾಡಿ ಕೇಳಿ. ಎಲೆ ಸರಿದ ಗೂಡಿಗೆ ಬಿಸಿಲೂ ಬೀಳುತ್ತದೆ, ಕಾಗೆಯ ಕಣ್ಣೂ ಬೀಳುತ್ತದೆ ಎಂಬುದು ಅನೇಕರಿಗೆ ನಿಜವಾಗಿಯೂ ಗೊತ್ತಿರುವುದಿಲ್ಲ. ಚಿತ್ರದ ಜೊತೆ ಗೂಡಿನ ಜಾಗ ಬರೆದಿದ್ದರೆ ಅದನ್ನು ಅವತ್ತೇ ತೆಗೆಸಿ.