ಅಂಟು ಒಣಗೋವರೆಗೂ ಆ ಸ್ಕ್ರೂ ಮುಟ್ಬೇಡಿ ಮಾರಾಯ್ರೆ

ಕೈಲ್‌ಪೋಳ್ದ್, ಅಂದ್ರೆ ಕೊಡವರ ಆಯುಧ ಪೂಜೆ ಹಬ್ಬ, ಹತ್ರ ಬಂತು ಅಂದ್ರೆ ಕೊಡಗಲ್ಲಿ ಪಾಯಿಂಟ್ ಟೂ ಟೂ (.22, ಸಣ್ಣ ಬೋರಿನ) ರೈಫಲ್‌ಗಳೆಲ್ಲ ಬೀರುವಿಂದ ಹೊರಗೆ ಬರ್ತವೆ, ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆ ಇರತ್ತಲ್ಲ. ಆಗ ನನ್ ಹತ್ರ ರಿಪೇರಿಗೆ ಬರೋರಲ್ಲಿ ಸುಮಾರು ಜನ ಮನೇಲೇ ಅರಾಲ್ಡೈಟ್ ಅಂಟು ಹಾಕಿ ಸ್ಟಾಕ್ ಬೆಡ್ಡಿಂಗ್ ಮಾಡಿ (ಅಂದ್ರೆ ಕೋವಿಯ ಮರದ ಹಿಡಿಯಲ್ಲಿ ಲೋಹದ ಭಾಗ ಕೂರೋ ಜಾಗಾನ ಅಂಟು ತುಂಬಿ ಸಮ ಮಾಡೋದು), ಮೊದ್ಲಿಗಿಂತ ಕೆಡಿಸ್ಕೊಂಡು ಬಂದಿರ್ತಾರೆ. ಮನೇಲಿ ಮಾಡ್ಲೇಬಾರ್ದು ಅಂತ ನಾನೇನೂ ಹೇಳಲ್ಲ, ತಾಳ್ಮೆ ಇದ್ರೆ ಆಗೋ ಕೆಲ್ಸಾನೇ. ಆದ್ರೆ ಎಲ್ರೂ ಎಡವೋದು ಒಂದೇ ಕಡೆ. ಅಂಟು ಹಾಕಿ ಆಕ್ಷನ್ (ಬೋಲ್ಟ್ ಓಡಾಡೋ, ಬ್ಯಾರಲ್ ಸೇರೋ ಉಕ್ಕಿನ ಭಾಗ) ಕೂರಿಸಿದ ತಕ್ಷಣ ಅದನ್ನ ಸ್ಟಾಕಿಗೆ ಹಿಡಿಯೋ ಸ್ಕ್ರೂ ಎರಡನ್ನೂ ಜೋರಾಗಿ ಬಿಗಿ ಮಾಡಿಬಿಡ್ತಾರೆ.

ಯಾಕೆ ಬೇಡ ಅಂತ ಬಿಡಿಸಿ ಹೇಳ್ತೀನಿ. ಸ್ಟಾಕ್ ಮರದ್ದು, ನಮ್ ಮಳೆಗಾಲದಲ್ಲಿ ನೀರಿನಂಶ ಕುಡಿದು ಉಬ್ಬತ್ತೆ, ಬೇಸಿಗೇಲಿ ಸೊರಗತ್ತೆ, ಹಂಗಾಗಿ ಆಕ್ಷನ್ ಕೂರೋ ಜಾಗ ಸಮ ಇರಲ್ಲ, ಎಲ್ಲೋ ಎರಡು ಉಬ್ಬಿನ ಮೇಲೆ ಮಾತ್ರ ಕೂತಿರತ್ತೆ. ಸ್ಕ್ರೂ ಬಿಗಿ ಮಾಡಿದ್ರೆ ಮಧ್ಯದ ಖಾಲಿ ಜಾಗಕ್ಕೆ ಉಕ್ಕು ಬಗ್ಗತ್ತೆ. ಉಕ್ಕು ಎಲ್ಲಿ ಬಗ್ಗತ್ತೆ ಅಂತ ನಗ್ಬೇಡಿ, ಕಣ್ಣಿಗೆ ಕಾಣ್ದೇ ಇರೋಷ್ಟು ಬಗ್ಗತ್ತೆ, ಗುಂಡು ಚದುರೋಕೆ ಅಷ್ಟು ಸಾಕು. ಈಗ ಹಂಗೆ ಬಗ್ಗಿರೋವಾಗ್ಲೇ ಅಂಟು ಗಟ್ಟಿಯಾದ್ರೆ ಏನಾಗತ್ತೆ? ಅಂಟಿಗೇನು ಗೊತ್ತು, ಬಗ್ಗಿರೋ ಆಕಾರಾನೇ ಅಚ್ಚು ಹಿಡಿಯತ್ತೆ. ಇನ್ಮೇಲೆ ಸ್ಕ್ರೂ ಹಾಕಿದಾಗ್ಲೆಲ್ಲ ಆಕ್ಷನ್ ಅದೇ ಬಾಗಿಗೆ ಹೋಗಿ ಕೂರತ್ತೆ. ದೋಷ ಹೋಗ್ಲಿ ಅಂತ ಮಾಡಿದ ಕೆಲ್ಸ ಆ ದೋಷಾನೇ ಪರ್ಮನೆಂಟ್ ಮಾಡ್ತು.

ಇದಕ್ಕೆ "ಅಣ್ಣ, ಬಿಗಿ ಮಾಡ್ದೇ ಇದ್ರೆ ಗಟ್ಟಿ ಕೂರತ್ತಾ" ಅಂತಾರೆ. ಗಟ್ಟಿ ಕೂರಿಸೋದು ಇಲ್ಲಿ ಗುರಿನೇ ಅಲ್ಲ! ಟೂ ಟೂ ಒದೆಯೋದೇ ಇಲ್ಲ ಅನ್ನಬಹುದು, 40 ಗ್ರೇನ್ (ಸುಮಾರು ಎರಡೂವರೆ ಗ್ರಾಂ) ಸೀಸದ ಗುಂಡು, ದೊಡ್ಡ ಬೋರಿನ ರೈಫಲ್ ಥರ ಒದೆತ ತಡೆಯೋಕೆ ನಾವು ಬೆಡ್ಡಿಂಗ್ ಮಾಡಲ್ಲ. ಆದ್ರೆ ಸ್ಟ್ಯಾಂಡರ್ಡ್ ವೆಲಾಸಿಟಿ ತೋಟಾದ ಗುಂಡು ಸೆಕೆಂಡಿಗೆ ಸುಮಾರು 330 ಮೀಟರ್ ಅಷ್ಟೇ ಹೋಗೋದು, ದೊಡ್ಡ ರೈಫಲ್‌ಗಿಂತ ಜಾಸ್ತಿ ಹೊತ್ತು ಬ್ಯಾರಲ್ ಒಳಗಿರತ್ತೆ, ಆ ಹೊತ್ತಲ್ಲಿ ಬ್ಯಾರಲ್ ಪ್ರತಿ ಸಲಾನೂ ಒಂದೇ ಥರ ಅದುರಬೇಕು. ಅದಕ್ಕೆ ಆಕ್ಷನ್ ಯಾವ ಎಳೆತನೂ ಇಲ್ದೆ ಆರಾಮಾಗಿ ಕೂತಿರಬೇಕು, ಅಷ್ಟೇ.

ಹಂಗಾಗಿ ಅಂಟು ಒಣಗೋವಾಗ ಸ್ಕ್ರೂ ಇರೋದು ಜಾಗ ತಪ್ಪದೇ ಇರ್ಲಿ ಅಂತ ಮಾತ್ರ. ಸ್ಟಾಕಿನ ಮುಂದಿನ ತುದಿ ಹತ್ರ ಬ್ಯಾರಲ್‌ಗೆ ಟೇಪ್ ಸುತ್ತಿ ಎತ್ತರ ಸರಿ ಮಾಡ್ಕೊಳ್ಳಿ, ಹಳೇ ಸೈಕಲ್ ಟ್ಯೂಬ್ ಸೀಳಿ ಮೆತ್ತಗೆ ಸುತ್ತಿ, 24 ಗಂಟೆ ಬಿಟ್ಬಿಡಿ, ಮಳೆ ಚಳಿ ಇದ್ರೆ ಇನ್ನೂ ಒಂದಿನ. ಐದು ನಿಮಿಷದ ಅಂಟು ಬೇಡ, ನೀವು ಸರಿ ಕೂರಿಸೋದ್ರೊಳಗೆ ಅದು ಕಲ್ಲಾಗಿರತ್ತೆ. ಲೋಹಕ್ಕೆಲ್ಲ ಮೇಣ ಹಚ್ಚೋದು, ಸ್ಕ್ರೂ ತೂತಿಗೆ ಮಕ್ಕಳ ಕ್ಲೇ ತುಂಬೋದು ನಿಮ್ಗೆ ಗೊತ್ತಿರತ್ತೆ, ಮರೆತ್ರೆ ಮಾತ್ರ ಕೋವಿನೂ ಸ್ಟಾಕೂ ಜನ್ಮಕ್ಕೂ ಬಿಡಲ್ಲ.

ವಿರಾಜಪೇಟೆ ಕಡೆಯ ಕಾಫಿ ಬೆಳೆಗಾರರೊಬ್ರು ಅಪ್ಪನ ಕಾಲದ ಬ್ರನೋ ಮಾಡೆಲ್ 2 ಟೂ ಟೂ ರೈಫಲ್ ತಂದಿದ್ರು, ಬೆಡ್ಡಿಂಗ್ ತಾವೇ ಮಾಡಿದ್ದು. "ನೋಡಿ, ಕೂದಲು ತೂರೋಷ್ಟೂ ಸಂದಿಲ್ಲ" ಅಂತ ಹೆಮ್ಮೆ. ನಿಜ, ಫಿನಿಶಿಂಗ್ ಚೆನ್ನಾಗೇ ಇತ್ತು. ಬ್ಯಾರಲ್ ಮತ್ತೆ ಸ್ಟಾಕ್ ತುದಿ ಎರಡಕ್ಕೂ ತಾಗೋ ಹಂಗೆ ಅವರ ಬೆರಳಿಡಿಸಿ ಮುಂದಿನ ಸ್ಕ್ರೂ ನಿಧಾನ ಸಡಿಲ ಮಾಡ್ದೆ, ಬ್ಯಾರಲ್ ಟಕ್ ಅಂತ ಮೇಲೆದ್ದಿದ್ದು ಅವರ ಬೆರಳಿಗೇ ಗೊತ್ತಾಯ್ತು. ಆಮೇಲೆ ಅರ್ಧ ಗಂಟೆ ಅಪ್ಪನ ಕಥೆ, ಕಾಡುಹಂದಿ ಕಥೆ, ಕೇಳೋಕೆ ಚೆನ್ನಾಗಿತ್ತು, ಕೆಲ್ಸ ಮಾತ್ರ ಆಗ್ಲಿಲ್ಲ. ಅಂಟು ಕೆರೆದು ಹೊಸದಾಗಿ ಹಾಕಿದ್ಮೇಲೆ ಗ್ರೂಪ್ (ಗುಂಡುಗಳು ಒಂದೇ ಕಡೆ ಬೀಳೋದು) ಸುಮಾರು ಸರಿಹೋಯ್ತು, ಆದ್ರೆ ಅದಕ್ಕಿಂತ ಜಾಸ್ತಿ ಸರಿಹೋಗಿದ್ದು ಅವರು ತೋಟಾ ಬ್ರಾಂಡ್ ಬದಲಾಯಿಸಿದ್ಮೇಲೆ. ಅದಕ್ಕೇ ಹೇಳೋದು, ಮೊದ್ಲು ಎರಡ್ಮೂರು ಥರದ ತೋಟಾ ಹಾಕಿ 50 ಮೀಟರ್‌ನಲ್ಲಿ ರೆಸ್ಟ್ ಮೇಲಿಟ್ಟು ಹೊಡೆದು ನೋಡಿ. ಬ್ರಾಂಡ್ ಬದಲಾಯಿಸಿದ ಮೇಲಿನ ಮೊದಲ ಕೆಲವು ಗುಂಡು ಲೆಕ್ಕಕ್ಕೆ ತಗೋಬೇಡಿ, ಬ್ಯಾರಲ್ ಒಳಗೆ ಹೊಸ ಮೇಣ ಕೂರ್ಬೇಕು. ಸ್ಕೋಪಿನ ಸ್ಕ್ರೂನೂ ನೋಡಿ. ಮೇಲೆ ಹೇಳಿದ ಬೆರಳಿನ ಟೆಸ್ಟಲ್ಲಿ ಏನೂ ಅಲುಗದೇ ಇದ್ರೆ ಬೆಡ್ಡಿಂಗ್ ಗೊಡವೆಗೇ ಹೋಗ್ಬೇಡಿ.

ಒಣಗಿದ್ಮೇಲೂ ಸ್ಕ್ರೂನ ಜೀಪಿನ ವೀಲ್ ನಟ್ ಥರ ತಿರುವಬೇಡಿ. ಮರದ ಸ್ಟಾಕಿಗೆ ಸುಮಾರು 2 ನ್ಯೂಟನ್ ಮೀಟರ್ ಸಾಕಾಗತ್ತೆ, ರೈಫಲ್ ಮೇಲೆ ಸ್ವಲ್ಪ ಹೆಚ್ಚುಕಮ್ಮಿ ಇರಬಹುದು, ಎಷ್ಟೇ ಇರ್ಲಿ ಪ್ರತಿ ಸಲ ಅಷ್ಟೇ ಇರಬೇಕು.

ಇನ್ನೊಂದು, ಕೊಡವರಿಗೆ, ಕೊಡಗಿನ ಜಮ್ಮಾ ಭೂಮಿ ಹಿಡುವಳಿದಾರರಿಗೆ ಇರೋ ಲೈಸೆನ್ಸ್ ವಿನಾಯಿತಿ ಕೋವಿ ಇಟ್ಕೊಳ್ಳೋಕೆ, ಹಿಡ್ಕೊಂಡು ಓಡಾಡೋಕೆ. ರಿಪೇರಿಗೆ 1959ರ ಆಯುಧ ಕಾಯ್ದೇಲಿ ಬೇರೆ ಲೈಸೆನ್ಸ್ ಬೇಕು, ಅದಕ್ಕೆ ಮರಕ್ಕೆ ಕೈ ಹಾಕೋ ಮೊದ್ಲೂ ಲೈಸೆನ್ಸ್ ಇರೋ ಡೀಲರ್ ಹತ್ರ ಒಂದ್ಮಾತು ಕೇಳ್ಕೊಳ್ಳಿ. ಬೋಲ್ಟ್ ತೆಗೆದು ಚೇಂಬರ್ ಖಾಲಿ ಇದೆಯಾ ಅಂತ ಬೆರಳಿಟ್ಟೇ ನೋಡಿ. ಟ್ರಿಗರ್ ಕೆಲ್ಸ ಮಾತ್ರ ಯೂಟ್ಯೂಬ್ ನೋಡ್ಕೊಂಡು ಮಾಡೋಕೆ ಹೋಗ್ಲೇಬೇಡಿ.