ಗೋಡೆ ದಾಟಿ ಬಿದ್ದ ಗೋಲಿ

ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಸೈಬರ್ ಕೆಫೆಯಲ್ಲೋ ಕಾಲೇಜು ಲ್ಯಾಬಿನಲ್ಲೋ ಕೂತವರಿಗೆ ಸ್ಪೇಸ್ ಕ್ಯಾಡೆಟ್ ಪಿನ್‌ಬಾಲ್ ಗೊತ್ತೇ ಇರುತ್ತದೆ. ಇಳಿಜಾರು ಮೇಜಿನ ಮೇಲೆ ಗೋಲಿ ಕೆಳಗೆ ಬೀಳದಂತೆ ಮತ್ತೆ ಮತ್ತೆ ಹೊಡೆದು ಅಂಕ ಗಳಿಸುವ ಆಟ. ನೆಟ್ ಬೇಡ, ಸಿಡಿ ಬೇಡ. ಸ್ಪೇಸ್ ಬಾರ್ ಒತ್ತಿ ಹಿಡಿದು ಬಿಟ್ಟರೆ ಉಕ್ಕಿನ ಗೋಲಿ ಮೇಲಕ್ಕೆ ಚಿಮ್ಮುತ್ತಿತ್ತು. ಗೋಲಿಯನ್ನು ಹೊಡೆಯುವ ಪುಟ್ಟ ಕೈಗಳೇ ಫ್ಲಿಪ್ಪರ್; ಎಡಗಡೆಯ ಫ್ಲಿಪ್ಪರ್‌ಗೆ ಝಡ್ ಕೀ, ಬಲಗಡೆಯದಕ್ಕೆ ಸ್ಲ್ಯಾಶ್ ಕೀ. ಕ್ಯಾಡೆಟ್ ಆಗಿ ಶುರು ಮಾಡಿ ಫ್ಲೀಟ್ ಅಡ್ಮಿರಲ್ ಆಗುವ ತನಕ ಹೋದವರು ಕಡಿಮೆ.

ಈ ಆಟ ಮಾಡಿದ್ದು ಅಮೆರಿಕದ ಟೆಕ್ಸಾಸ್‌ನಲ್ಲಿದ್ದ ಸಿನಿಮಾಟ್ರಾನಿಕ್ಸ್ ಎಂಬ ಸಣ್ಣ ಕಂಪನಿ. 1995ರಲ್ಲಿ ಅವರ ಫುಲ್ ಟಿಲ್ಟ್ ಪಿನ್‌ಬಾಲ್ ಆಟದಲ್ಲಿ ಮೂರು ಟೇಬಲ್‌ಗಳಿದ್ದವು. ಅದರಲ್ಲಿ ಒಂದಾದ ಸ್ಪೇಸ್ ಕ್ಯಾಡೆಟನ್ನು ಮೈಕ್ರೋಸಾಫ್ಟ್, ವಿಂಡೋಸ್ 95ರ ಜೊತೆಗೆ ಬೇರೆಯಾಗಿ ಮಾರುತ್ತಿದ್ದ ಪ್ಲಸ್ ಪ್ಯಾಕ್‌ಗೆ ತೆಗೆದುಕೊಂಡಿತು. ಅಲ್ಲಿಂದ ಎಕ್ಸ್‌ಪಿವರೆಗೂ ಅದು ಜೊತೆಗೇ ಬಂತು. ಅದರ ಮುಂದಿನ ವಿಂಡೋಸ್ ಆದ ವಿಸ್ತಾ ಬಂದಾಗ ನೋಡಿದರೆ ಆಟವೇ ಇಲ್ಲ! ಯಾಕೆ ಹೋಯಿತು ಅಂತ ತಿಳಿಯಬೇಕಾದರೆ, ಆ ಗೋಲಿ ಹೇಗೆ ಓಡುತ್ತಿತ್ತು ಅನ್ನೋದನ್ನು ಮೊದಲು ನೋಡಬೇಕು.

ನಿಜವಾದ ಪಿನ್‌ಬಾಲ್ ಮೇಜಿನಿಂದಲೇ ಶುರು ಮಾಡೋಣ. ಅದರ ಗೋಲಿ 27 ಮಿಲಿಮೀಟರ್ ದಪ್ಪ, ತೂಕ ಸುಮಾರು 80 ಗ್ರಾಂ. ಮೇಜಿನ ಇಳಿಜಾರು ಸಾಮಾನ್ಯವಾಗಿ ಆರೂವರೆ ಡಿಗ್ರಿ. ಇಷ್ಟು ಕಡಿಮೆ ಇಳಿಜಾರಿನಲ್ಲಿ ಗುರುತ್ವದ ಒಂಬತ್ತನೇ ಒಂದು ಪಾಲು ಮಾತ್ರ ಗೋಲಿಯನ್ನು ಕೆಳಗೆ ಎಳೆಯುತ್ತದೆ. ಚಂದ್ರನ ಮೇಲೆ ಆರನೇ ಒಂದು ಪಾಲು ಇರುತ್ತದೆ. ಅಂದರೆ ಪಿನ್‌ಬಾಲ್ ಗೋಲಿಗೆ ಸಿಗುವ ಎಳೆತ ಚಂದ್ರನಿಗಿಂತಲೂ ಕಡಿಮೆ! ಬೀಳುವ ವಸ್ತುಗಳನ್ನು ನಿಧಾನವಾಗಿ ನೋಡಬೇಕು ಅಂತ ಗೆಲಿಲಿಯೋ ಹಿಡಿದ ಉಪಾಯವೂ ಇದೇ. ಇಳಿಜಾರು ಹಲಗೆ ಮೇಲೆ ಗುಂಡು ಉರುಳಿಸಿದ.

ಕಂಪ್ಯೂಟರಿನಲ್ಲಿ ಇಳಿಜಾರೂ ಇಲ್ಲ, ತೂಕವೂ ಇಲ್ಲ. ಇರುವುದು ಅಂಕಿಗಳು. ಗೋಲಿ ಈಗ ಎಲ್ಲಿದೆ, ಯಾವ ಕಡೆಗೆ ಎಷ್ಟು ವೇಗದಲ್ಲಿ ಹೋಗುತ್ತಿದೆ, ಅಷ್ಟೇ. ಕಂಪ್ಯೂಟರ್ ಕಾಲವನ್ನು ಚೂರು ಚೂರು ಮಾಡುತ್ತದೆ. ಪ್ರತಿ ಚೂರಿಗೂ ವೇಗಕ್ಕೆ ಒಂಚೂರು ಗುರುತ್ವ ಸೇರಿಸಿ ಗೋಲಿಯನ್ನು ಮುಂದಕ್ಕೆ ಇಡುತ್ತದೆ. ಎರಡು ಚೂರುಗಳ ನಡುವೆ ಏನಾಯಿತು ಅನ್ನೋದು ಅದಕ್ಕೆ ಕಾಣುವುದಿಲ್ಲ. ಒಲೆ ಮೇಲೆ ಹಾಲಿಟ್ಟು ಆಗಾಗ ಬಂದು ಇಣುಕಿ ನೋಡಿದ ಹಾಗೆ. ಎರಡು ಸಲ ಇಣುಕುವುದರ ನಡುವೆ ಉಕ್ಕಿಬಿಟ್ಟರೆ?

ಗೋಲಿ ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಹೋಗುತ್ತಿದೆ ಎಂದಿಟ್ಟುಕೊಳ್ಳಿ. ಕಂಪ್ಯೂಟರ್ ಸೆಕೆಂಡಿಗೆ 100 ಸಲ ನೋಡಿದರೂ ಎರಡು ನೋಟಗಳ ನಡುವೆ ಗೋಲಿ 3 ಸೆಂಟಿಮೀಟರ್ ಹೋಗಿರುತ್ತದೆ. ಅದರ ದಪ್ಪಕ್ಕಿಂತಲೂ ಜಾಸ್ತಿ. ಈ ನೋಟದಲ್ಲಿ ತೆಳು ಗೋಡೆಯ ಈಚೆ ಇದೆ, ಮುಂದಿನ ನೋಟದಲ್ಲಿ ಆಚೆ. ಗೋಡೆಗೆ ತಾಗಿದ ಕ್ಷಣವೇ ಲೆಕ್ಕಕ್ಕೆ ಸಿಗಲಿಲ್ಲ. ಪಿನ್‌ಬಾಲ್ ಆಟ ಬರೆಯುವವರಿಗೆ ನಿಜವಾದ ತಲೆನೋವು ಇದೇ.

ಇದಕ್ಕೆ ಪರಿಹಾರ ನಮ್ಮ ಹತ್ತನೇ ಕ್ಲಾಸಿನ ಗಣಿತದಲ್ಲೇ ಇದೆ. ಗೋಲಿ ಎಲ್ಲಿದೆ ಅಂತ ಕೇಳುವ ಬದಲು, ಅದು ಹೋಗುವ ದಾರಿಯನ್ನು ಒಂದು ಗೆರೆ ಎಂದುಕೊಂಡು, ಎಷ್ಟು ಹೊತ್ತಿಗೆ ತಾಗುತ್ತದೆ ಅಂತ ಕೇಳಬೇಕು. ಗೋಲಿ ತಾಗಿದರೆ ಒದ್ದು ಕಳಿಸುವ ದುಂಡನೆಯ ಗೂಟ, ಅಂದರೆ ಬಂಪರ್ ಒಂದನ್ನು ತೆಗೆದುಕೊಳ್ಳಿ. ಗೋಲಿಯ ನಡುವಿಗೂ ಬಂಪರ್‌ನ ನಡುವಿಗೂ ಇರುವ ದೂರ, ಇಬ್ಬರ ತ್ರಿಜ್ಯ ಕೂಡಿದಷ್ಟಾದಾಗ ಎರಡೂ ತಾಗುತ್ತವೆ. ಇದನ್ನು ಸಮೀಕರಣವಾಗಿ ಬರೆದರೆ ಸಿಗುವುದು ವರ್ಗ ಸಮೀಕರಣ. ಅದಕ್ಕೆ ಎರಡು ಉತ್ತರ. ಒಂದು ಗೋಲಿ ಬಂದು ತಾಗುವ ಹೊತ್ತು. ಇನ್ನೊಂದು, ಬಂಪರ್ ಅಡ್ಡ ಬರದೆ ಬಿಟ್ಟಿದ್ದರೆ ಆ ಕಡೆಯಿಂದ ಹೊರಬೀಳುತ್ತಿದ್ದ ಹೊತ್ತು. ನಮಗೆ ಬೇಕಾದ್ದು ಮೊದಲನೆಯದು. ವರ್ಗಮೂಲದ ಒಳಗಿನ ಸಂಖ್ಯೆ ಋಣವಾದರೆ ಗೋಲಿ ಬಂಪರ್‌ಗೆ ತಾಗದೆ ಪಕ್ಕದಲ್ಲೇ ಹೋಯಿತು ಅಂತ ಅರ್ಥ. ಶಾಲೆಯಲ್ಲಿ 'ವಾಸ್ತವ ಮೂಲಗಳಿಲ್ಲ' ಅಂತ ಬರೆದು ಮುಗಿಸುತ್ತಿದ್ದೆವಲ್ವಾ, ಅದಕ್ಕೆ ಇಲ್ಲಿ ಕಣ್ಣಿಗೆ ಕಾಣುವ ಅರ್ಥವಿದೆ. ನನಗೆ ಇದು ತುಂಬಾ ಇಷ್ಟ. ಮೇಷ್ಟರುಗಳು ಈ ಪಾಠವನ್ನು ಪಿನ್‌ಬಾಲ್ ಇಟ್ಟುಕೊಂಡೇ ಮಾಡಬಹುದು.

ಸ್ಪೇಸ್ ಕ್ಯಾಡೆಟ್ ಹಿಡಿದದ್ದೂ ಇದೇ ದಾರಿ. ತಾಗುವ ಜಾಗ ಸಿಕ್ಕ ಮೇಲೆ ಗೋಲಿಯ ವೇಗವನ್ನು ಎರಡು ಪಾಲು ಮಾಡುತ್ತದೆ. ಗೋಡೆಗೆ ನೇರವಾಗಿ ನುಗ್ಗುವ ಪಾಲು ಹಿಂದಕ್ಕೆ ತಿರುಗುತ್ತದೆ, ಗೋಡೆಯ ಉದ್ದಕ್ಕೆ ಸಾಗುವ ಪಾಲು ಮುಂದುವರಿಯುತ್ತದೆ. ರಬ್ಬರ್ ಆದರೆ ಜಾಸ್ತಿ ಪುಟಿಯಬೇಕು, ಮರವಾದರೆ ಕಡಿಮೆ. ಬಂಪರ್ ಆದರೆ ತನ್ನ ಕಡೆಯಿಂದ ಇನ್ನೊಂದಿಷ್ಟು ವೇಗ ಕೊಟ್ಟು ಒದೆಯಬೇಕು.

ಇಷ್ಟನ್ನೂ ತೀರಾ ಸಣ್ಣ ಯಂತ್ರಗಳಲ್ಲಿ ಮಾಡಿದವರಿದ್ದಾರೆ. 1981ರಲ್ಲಿ ಬಿಲ್ ಬಡ್ಜ್ ಆಪಲ್ 2 ಕಂಪ್ಯೂಟರಿಗೆ ರಾಸ್ಟರ್ ಬ್ಲಾಸ್ಟರ್ ಬರೆದರು. ಅದರ 6502 ಚಿಪ್‌ನ ವೇಗ ಸುಮಾರು 1 ಮೆಗಾಹರ್ಟ್ಸ್. ಆ ಚಿಪ್‌ಗೆ ಗುಣಾಕಾರದ ಆದೇಶವೇ ಇರಲಿಲ್ಲ! ಆಮೇಲೆ ಅವರು ಮಾಡಿದ ಪಿನ್‌ಬಾಲ್ ಕನ್‌ಸ್ಟ್ರಕ್ಷನ್ ಸೆಟ್‌ನಲ್ಲಿ ಆಡುವವರೇ ಟೇಬಲ್ ಕಟ್ಟಬಹುದಿತ್ತು, ಗುರುತ್ವವನ್ನೂ ತಮಗೆ ಬೇಕಾದಷ್ಟು ಇಟ್ಟುಕೊಳ್ಳಬಹುದಿತ್ತು.

ಈಗ ವಿಸ್ತಾ ಕತೆಗೆ ಬರೋಣ. ಮೈಕ್ರೋಸಾಫ್ಟ್‌ನ ಡೇವ್ ಪ್ಲಮರ್ ಈ ಆಟವನ್ನು ವಿಂಡೋಸಿನ ಇನ್ನೊಂದು ರೂಪವಾದ ವಿಂಡೋಸ್ ಎನ್‌ಟಿಗೆ ಹೊಂದಿಸಿದಾಗ, ಕಂಪ್ಯೂಟರ್ ಎಷ್ಟು ಬೇಗ ಚಿತ್ರ ಬರೆಯಬಲ್ಲದೋ ಅಷ್ಟು ಬೇಗ ಬರೆಯಲಿ ಅಂತ ಬಿಟ್ಟಿದ್ದರು. ಆಗಿನ ಯಂತ್ರಗಳಿಗೆ ಅದು ಸರಿಯಿತ್ತು. ವೇಗದ ಪ್ರೊಸೆಸರ್‌ಗಳು ಬಂದ ಮೇಲೆ ಆಟ ಇಡೀ ಪ್ರೊಸೆಸರನ್ನೇ ತಿನ್ನತೊಡಗಿತು. ಅದೇ ಕಂಪನಿಯ ರೇಮಂಡ್ ಚೆನ್ ಸೆಕೆಂಡಿಗೆ 100 ಚಿತ್ರ ಸಾಕು ಅಂತ ಮಿತಿ ಹಾಕಿದರು. ಪ್ರೊಸೆಸರ್ ಬಳಕೆ ಸುಮಾರು ಒಂದು ಪರ್ಸೆಂಟಿಗೆ ಇಳಿಯಿತು.

ಆದರೆ ಹೊಸ ಬಗೆಯ ಪ್ರೊಸೆಸರ್‌ಗಳಿಗೆಂದು ಮಾಡಿದ 64 ಬಿಟ್ ವಿಂಡೋಸ್‌ಗೆ ಸಾಗಿಸುವಾಗ ಚೆನ್ ಅವರೂ ಕೈಚೆಲ್ಲಬೇಕಾಯಿತು. ಆಟ ಶುರುವಾದರೆ ಗೋಲಿ, ಅದನ್ನು ಮೇಲಕ್ಕೆ ಚಿಮ್ಮಿಸುವ ಪ್ಲಂಜರ್ ಮೇಲೆ ಬಂದು ನಿಲ್ಲುತ್ತಿರಲಿಲ್ಲ. ಅದರೊಳಗೇ ತೂರಿಕೊಂಡು ನಿಧಾನವಾಗಿ ಜಾರಿ, ಟೇಬಲ್ಲಿನ ಕೆಳಗಿನಿಂದ ಹೊರಗೆ ಬೀಳುತ್ತಿತ್ತು. ಪ್ಲಂಜರ್ ಅಲ್ಲಿದೆ ಅಂತ ಗೋಲಿಗೆ ಗೊತ್ತೇ ಆಗುತ್ತಿರಲಿಲ್ಲ. ಹೊರಗಿನ ಕಂಪನಿ ವರ್ಷಗಳ ಹಿಂದೆ ಬರೆದ ಕೋಡ್, ವಿವರಣೆಯ ಒಂದು ಸಾಲೂ ಹೆಚ್ಚುಕಡಿಮೆ ಎಲ್ಲೂ ಇರಲಿಲ್ಲ. ಚೆನ್ ಮತ್ತು ಅವರ ಜೊತೆಗಾರರಿಗೆ ತಾಗುವಿಕೆಯ ಲೆಕ್ಕ ಕೆಟ್ಟದ್ದು ಯಾಕೆ ಅನ್ನೋದಿರಲಿ, ಆ ಲೆಕ್ಕ ಕೋಡಿನ ಯಾವ ಮೂಲೆಯಲ್ಲಿದೆ ಅಂತಲೇ ಸಿಗಲಿಲ್ಲ. ಸಾಗಿಸಬೇಕಾದ ಕೋಡ್ ಇನ್ನೂ ಲಕ್ಷಗಟ್ಟಲೆ ಸಾಲು ಬಾಕಿ ಇತ್ತು. ಆಟವನ್ನೇ ಕೈಬಿಟ್ಟರು.

ಕೋಡ್ ಬರೆಯುವ ನಮ್ಮ ಹುಡುಗ ಹುಡುಗಿಯರು ಈ ಕತೆಯನ್ನು ಮನಸ್ಸಿಗೆ ಹಾಕಿಕೊಳ್ಳಬೇಕು ಅನಿಸುತ್ತದೆ. ಲಕ್ಷಾಂತರ ಜನ ಆಡಿದ ಆಟವೊಂದು ನಾಲ್ಕು ಸಾಲು ವಿವರಣೆ ಬರೆದಿಡದ್ದಕ್ಕೆ ಸಿಕ್ಕಿಹಾಕಿಕೊಂಡಿತು.

ಹಳೆಯ ಪ್ರೋಗ್ರಾಂ ಫೈಲನ್ನೇ ಬಿಚ್ಚಿ, ಒಳಗಿನ ಲೆಕ್ಕವನ್ನು ಒಂದೊಂದಾಗಿ ಓದಿ, ಓದಬಹುದಾದ ಕೋಡ್ ಆಗಿ ಮತ್ತೆ ಬರೆದು ಅಭಿಮಾನಿಯೊಬ್ಬರು ಎಲ್ಲರಿಗೂ ಸಿಗುವಂತೆ ಇಟ್ಟಿದ್ದಾರೆ. ತಾಗುವಿಕೆಯ ಲೆಕ್ಕವೂ ಅದರಲ್ಲಿದೆ, ಯಾರು ಬೇಕಾದರೂ ತೆರೆದು ನೋಡಬಹುದು. ಅದರಿಂದ ಕಟ್ಟಿದ ಆಟ 64 ಬಿಟ್ ಕಂಪ್ಯೂಟರಿನಲ್ಲೂ, ಲಿನಕ್ಸ್‌ನಲ್ಲೂ ಚೆನ್ನಾಗಿ ಓಡುತ್ತದೆ.